ಊಟದ ಸಮಿತಿಯ ಮೂವರು

ನಮ್ಮ ಬಿ.ಎ. ಬ್ಯಾಚಿಗೆ ಈ ವರ್ಷ ಮೂವತ್ತು ತುಂಬುತ್ತದೆ ಎಂದು ಯಾರು ಲೆಕ್ಕ ಹಾಕಿದರೋ ಗೊತ್ತಿಲ್ಲ. ನಾನಂತೂ ಹಾಕಿರಲಿಲ್ಲ. ಒಂದು ಮಧ್ಯಾಹ್ನ ತಿಕೋಟಾದ ನಮ್ಮ ದ್ರಾಕ್ಷಿ ಶೆಡ್ಡಿನಲ್ಲಿ ನಿಂತು ಆಳುಗಳ ಮೇಲೆ ರೇಗುತ್ತಿದ್ದಾಗ ಫೋನು ಟಣ್ ಎಂದಿತು. ನೋಡಿದರೆ ನನ್ನನ್ನು ಯಾರೋ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿದ್ದರು. ಸಂಜೆಯಾಗುವುದರೊಳಗೆ ಅದರ ತುಂಬ ಗುಲಾಬಿ ಹೂವು, ಶುಭ ಸಂಜೆ, ಮೊಮ್ಮಕ್ಕಳ ಫೋಟೊ. ಬೋಳುತಲೆಗಳ ಕೆಳಗೆ, ಕನ್ನಡಕಗಳ ಹಿಂದೆ ನಾನು ಹಳೆಯ ಮುಖಗಳನ್ನು ಹುಡುಕಿದೆ. ಕೆಲವರು ಸಿಕ್ಕರು, ಕೆಲವರು ಇನ್ನೂ ಸಿಕ್ಕಿಲ್ಲ.

ಮರುದಿನದ ಹೊತ್ತಿಗೆ ಗುಂಪಿಗೊಬ್ಬ ಅಧ್ಯಕ್ಷನೂ ಹುಟ್ಟಿಕೊಂಡ. ಅವನನ್ನು ಯಾರೂ ಆರಿಸಲಿಲ್ಲ, ತಾನೇ ಆರಿಸಿಕೊಂಡ. ವಿಜಯಪುರದಲ್ಲಿ ಪೈಪು, ಮೋಟಾರು ಮಾರುವ ಅಂಗಡಿ ಅವನದು. ಕಾಲೇಜಿನಲ್ಲಿ ಹುಡುಗಿಯರು ಎದುರಿಗೆ ಬಂದರೆ ಗೋಡೆಗೆ ಒರಗಿ ದಾರಿ ಬಿಡುತ್ತಿದ್ದ ಪ್ರಾಣಿ. ಈಗ ಫೋನಿನಲ್ಲಿ ಗಟ್ಟಿ ದನಿ ಬಂದಿದೆ. ದಿನಕ್ಕೊಂದು ಭಾಷಣವನ್ನು ತನ್ನ ದನಿಯಲ್ಲೇ ಕಳಿಸುತ್ತಾನೆ, ಎಲ್ಲರೂ ಕೈಮುಗಿಯುವ ಚಿತ್ರ ಹಾಕುತ್ತಾರೆ. ಬರುವ ತಿಂಗಳ ಎರಡನೇ ಭಾನುವಾರ ನಾವೆಲ್ಲ ನಮ್ಮ ಹಳೆಯ ಕಾಲೇಜಿನ ಅಂಗಳದಲ್ಲೇ ಸೇರುವುದು ಎಂದು ತೀರ್ಮಾನವಾದದ್ದೂ ಅಂಥ ಒಂದು ಭಾಷಣದಲ್ಲಿ.

ನಾನು ಹುಟ್ಟಿ ಬೆಳೆದದ್ದು ಬಬಲೇಶ್ವರದಲ್ಲಿ. ತಿಕೋಟಾಕ್ಕೆ ಸೊಸೆಯಾಗಿ ಬಂದದ್ದು ಡಿಗ್ರಿ ಮುಗಿದ ಮೇಲೆ. ನಮ್ಮೂರಿನಿಂದ ವಿಜಯಪುರದ ಆ ಕಾಲೇಜಿಗೆ ಹೋಗುತ್ತಿದ್ದ ಹುಡುಗಿಯರು ಇಬ್ಬರೇ, ನಾನು ಮತ್ತು ನನ್ನ ಗೆಳತಿ. ಬಸ್ಸು ತಡವಾಗಿ ಬರುವುದು ರೂಢಿ, ನಾವು ತಡವಾಗಿ ಕ್ಲಾಸಿಗೆ ಹೋಗುವುದೂ ರೂಢಿ. ನಾವು ಬಾಗಿಲಲ್ಲಿ ಕಂಡರೆ ಸಾಕು, ಹಿಂದಿನ ಬೆಂಚಿನಿಂದ ಯಾರಾದರೂ ಕೂಗುತ್ತಿದ್ದರು, "ಸರ್, ಬಬಲೇಶ್ವರ ಬಸ್ ಬಂತ್ರಿ." ಗೆಳತಿ ತಲೆ ತಗ್ಗಿಸಿ ಒಳಗೆ ನುಸುಳುತ್ತಿದ್ದಳು. ನಾನು ಮಾತ್ರ ಕೂಗಿದವನು ಯಾರೆಂದು ನೋಡಿ, ಅವನ ಮುಖ ಕೆಂಪಾಗುವವರೆಗೂ ದುರುಗುಟ್ಟಿಕೊಂಡೇ ನನ್ನ ಜಾಗಕ್ಕೆ ಹೋಗುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ನಮ್ಮವ್ವ ಇದನ್ನು ನನ್ನ ಅಪ್ಪನ ಕಡೆಯ ಆಸ್ತಿ ಎನ್ನುತ್ತಿದ್ದಳು.

ಗೆಳತಿಯನ್ನು ವಿಜಯಪುರಕ್ಕೇ ಕೊಟ್ಟರು. ಗಾಂಧಿ ಚೌಕದ ಒಂದು ಸಂದಿಯಲ್ಲಿ ಅವರದು ಸೀರೆ, ಕುಪ್ಪಸದ ಖಣದ ಅಂಗಡಿ. ಹೋದ ವರ್ಷ ಅವಳ ಗಂಡನ ಎದೆಗೆ ಸ್ಟೆಂಟ್ ಹಾಕಿದಾಗಿನಿಂದ ಗಲ್ಲಾದ ಮೇಲೆ ಅವಳೇ ಕೂರುತ್ತಾಳೆ. ಈಗ ಅವಳಿಗೂ ಬಾಯಿ ಬಂದಿದೆ. ಮೂವತ್ತು ವರ್ಷದಲ್ಲಿ ನಾವು ಒಬ್ಬರ ಮನೆಯ ಕಷ್ಟಸುಖಕ್ಕೆ ಇನ್ನೊಬ್ಬರು ಆಗದೆ ಇದ್ದದ್ದಿಲ್ಲ. ನನ್ನ ಗಂಡ ತೀರಿಕೊಂಡ ದಿನ ನನ್ನ ಪಕ್ಕ ಕೂತು, ನನಗಿಂತ ಹೆಚ್ಚು ಅತ್ತವಳು ಅವಳೇ.

ಗಂಡ ಹೋಗಿ ನಾಲ್ಕು ವರ್ಷವಾಯಿತು. ತೋಟ, ಶೆಡ್ಡು ಎಲ್ಲ ನಾನೂ ಮಗನೂ ನೋಡಿಕೊಳ್ಳುತ್ತೇವೆ. ದ್ರಾಕ್ಷಿ ಚೆನ್ನಾಗಿಯೇ ಬರುತ್ತದೆ, ಹೊಟ್ಟೆಬಟ್ಟೆಗೆ ಕೊರತೆಯಿಲ್ಲ, ಯಾರೂ ನನ್ನನ್ನು ಬೈದವರಿಲ್ಲ. ಆದರೆ ಮದುವೆಗೆ ಕರೆಯಲು ಬಂದ ಹೆಂಗಸರು ಕುಂಕುಮದ ಭರಣಿಯನ್ನು ಹಿಡಿದುಕೊಂಡು ನನ್ನ ಸೊಸೆಯ ಕಡೆ ಹೋಗುತ್ತಾರೆ, ನನಗೆ ಬಾಯಿಮಾತಿನಲ್ಲಿ "ಬರ್ರಿ" ಎನ್ನುತ್ತಾರೆ. ಮೊದಮೊದಲು ಅವರಿಗೆ ಮುಜುಗರವಾಗುತ್ತಿತ್ತು. ಅದನ್ನು ನೋಡಲಾರದೆ ನಾನೇ ಒಂದು ಉಪಾಯ ಕಲಿತೆ. ಅರಿಷಿಣ ಕುಂಕುಮದ ಹೊತ್ತಿಗೆ ಸರಿಯಾಗಿ ನನಗೆ ನೀರಡಿಕೆಯಾಗುತ್ತದೆ, ಇಲ್ಲವೇ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತದೆ. ಈಗ ಯಾರಿಗೂ ಮುಜುಗರವಿಲ್ಲ. ನನಗೆ ಮಾತ್ರ ಎದ್ದು ಹೋಗುವಾಗೆಲ್ಲ ಕೆನ್ನೆಗೆ ಹೊಡೆದಂತಾಗುತ್ತದೆ, ಅದನ್ನು ಯಾರಿಗೂ ಹೇಳಿಲ್ಲ.

ಹಾಗಾಗಿ ಈ ಭಾನುವಾರಕ್ಕೆ ನಾನು ಮಕ್ಕಳು ಹಬ್ಬಕ್ಕೆ ಕಾಯುವಂತೆ ಕಾಯತೊಡಗಿದೆ. ಬೇರೆ ಎಲ್ಲ ಸಮಾರಂಭಗಳಿಗೆ ನಾನು ಯಾರದೋ ಸೊಸೆಯಾಗಿ, ಯಾರದೋ ಹೆಂಡತಿಯಾಗಿದ್ದವಳಾಗಿ ಹೋಗುತ್ತೇನೆ. ಇದೊಂದಕ್ಕೆ ನಾನು ನಾನಾಗಿಯೇ ಹೋಗಬಹುದು. ಆ ಅಂಗಳದಲ್ಲಿ ನನ್ನನ್ನು ಕಂಡವರು ನನ್ನ ಗಂಡನನ್ನು ಕಂಡವರಲ್ಲ. ಅವರಿಗೆ ಗೊತ್ತಿರುವುದು ಬಬಲೇಶ್ವರದ ಬಸ್ಸಿನಿಂದ ಇಳಿದು, ದುರುಗುಟ್ಟಿಕೊಂಡು ಬರುವ ಹುಡುಗಿ. ಆ ಹುಡುಗಿಯನ್ನು ಒಂದು ದಿನದ ಮಟ್ಟಿಗೆ ಯಾರಾದರೂ ಕರೆದರೆ ಸಾಕು ಎಂದು ನನ್ನ ಆಸೆ.

ಅಧ್ಯಕ್ಷ ಒಂದು ದಿನ ನನಗೇ ಫೋನು ಮಾಡಿದ. "ಅಕ್ಕಾರ, ಊಟದ ಉಸ್ತುವಾರಿ ಎಲ್ಲಾ ನಿಮ್ದ ನೋಡ್ರಿ. ನಿಮ್ಮಷ್ಟು ಧೈರ್ಯದವರು ನಮ್ಮ ಬ್ಯಾಚಿನ್ಯಾಗ ಮತ್ಯಾರದಾರ? ಮತ್ತ ಹೋಗು ಮುಂದ ಎಲ್ಲಾರ ಕೈಯಾಗ ತಿಕೋಟಾ ಮಣೂಕದ್ದೊಂದು ಚೀಲ ಕೊಟ್ಟು ಕಳಸೂಣು."

ಒಂದೇ ವಯಸ್ಸಿನ ನನಗೆ ಅಕ್ಕಾರ ಎನ್ನುತ್ತಾನೆ! ಆದರೂ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ಊಟದ ಸಮಿತಿಯಲ್ಲಿ ನನ್ನ ಜೊತೆ ಹೊನವಾಡದ ಒಬ್ಬಾಕೆ, ಸಿಂದಗಿಯ ಒಬ್ಬಾಕೆ ಇದ್ದರು, ಇಬ್ಬರೂ ನಮ್ಮ ಕ್ಲಾಸಿನವರೇ. ಮೂವರೂ ಫೋನಿನಲ್ಲೇ ಜಗಳಾಡುತ್ತ ಅಡಿಗೆ ಗೊತ್ತು ಮಾಡಿದೆವು. ಕಟಕ ರೊಟ್ಟಿ ಹೊನವಾಡದಿಂದ, ಎಣಗಾಯಿ, ಝುಣಕ, ಶೇಂಗಾ ಹೋಳಿಗೆ. ಸಿಂದಗಿಯವಳು ಪಲಾವ್ ಬೇಕೆಂದಳು, ಇಬ್ಬರೂ ಸೇರಿ ಅವಳ ಬಾಯಿ ಮುಚ್ಚಿಸಿದೆವು. ನಾನು ಶೆಡ್ಡಿನ ಜಾಳಿಗೆಗಳ ಮೇಲೆ ಒಣಗಿದ ದ್ರಾಕ್ಷಿಯಲ್ಲಿ ಎಳೆ ಹಸಿರಿನ, ಉದ್ದನೆಯ ಮಣೂಕವನ್ನೇ ಆರಿಸಿ ಬೇರೆ ಇಡಿಸಿದೆ. ವ್ಯಾಪಾರಿಗಳಿಗೂ ತೋರಿಸದ ಮಾಲು. ಮಗ ನೋಡಿ ನಕ್ಕ, "ಯವ್ವಾ, ಮದುವಿ ಯಾರದು?" ಎಂದ.

ಆಮೇಲೆ ಅಧ್ಯಕ್ಷನ ಆ ಭಾಷಣ ಬಂತು. "ನಮ್ಮ ಹೆಣ್ಮಕ್ಕಳಿಗೆ ಕಾಲೇಜ ಅಂದ್ರ ತವರಮನಿ ಇದ್ದಂಗ. ತವರಿಗೆ ಬಂದ ಹೆಣ್ಮಕ್ಕಳನ್ನ ಬರಿಗೈಲೆ ಕಳಸಬಾರದು. ನಾವು ಅಣ್ಣತಮ್ಮಂದಿರೆಲ್ಲಾ ಕೂಡಿ ಅವರ ಉಡಿ ತುಂಬಿಸೇ ಕಳಸೂದು." ಉಡಿ ತುಂಬುವುದನ್ನು ನಮ್ಮ ಕಡೆ ವಿವರಿಸಬೇಕಿಲ್ಲ. ತವರಿನಿಂದ ಹೊರಡುವ ಮಗಳು ಸೆರಗು ಒಡ್ಡುತ್ತಾಳೆ, ಮುತ್ತೈದೆಯೊಬ್ಬಳು ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಖಣ ಹಾಕಿ ಹಣೆಗೆ ಕುಂಕುಮ ಇಡುತ್ತಾಳೆ. ಹೊಟ್ಟೆ ತುಂಬಿದ ಹಾಗಾಗುತ್ತದೆ, ನಿಜ. ಗಂಡ ಸತ್ತವಳಿಗೆ ತುಂಬುವುದಿಲ್ಲ. ಇದನ್ನೂ ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ಕೇಳಿದವಳೇ ಫೋನನ್ನು ಬೋರಲು ಹಾಕಿದೆ. ಆದರೆ ಸ್ವಲ್ಪ ಹೊತ್ತಿಗೆ ಮನಸ್ಸು ಬೇರೆಯೇ ದಾರಿ ಹಿಡಿಯಿತು. ಇವರೆಲ್ಲ ಓದಿದವರು, ಅರ್ಧಕ್ಕರ್ಧ ಮಂದಿ ಮಾಸ್ತರರು, ಅಕ್ಕೋರುಗಳು. ಗೆಳತಿಯಂತೂ ನನ್ನ ಮನೆಯ ಸ್ಥಿತಿ ಬಲ್ಲವಳು, ಅವಳನ್ನು ಕೇಳದೆ ಅಧ್ಯಕ್ಷ ಇದನ್ನು ಮಾಡಿರಲಾರ. ಅಂದ ಮೇಲೆ ನನ್ನಂಥವರನ್ನೂ ಸೇರಿಸಿಯೇ ಅವರು ಯೋಚಿಸಿರಬೇಕು. ಗಂಡನ ಊರು ನನ್ನನ್ನು ಯಾವ ಲೆಕ್ಕಕ್ಕೆ ಬೇಕಾದರೂ ಹಿಡಿಯಲಿ, ತವರು ಹಾಗೆ ಹಿಡಿಯುತ್ತದೆಯೇ? ಕೆಲವು ದಿನ ಇದೇ ಗುಂಗಿನಲ್ಲಿದ್ದೆ. ಕೆಲಸದ ನಡುವೆ ಸೆರಗಿನಲ್ಲಿ ಮಣೂಕ ಹಿಡಿದು ನಿಂತಾಗೊಮ್ಮೆ, ಅದರ ಭಾರ ನೋಡಿ ನನಗೇ ನಗು ಬಂತು.

ಗೆಳತಿ ಅಂಗಡಿಗೆ ಕರೆದಳು, "ಬಾರಲೇ, ಖಣ ಆರಿಸೂಣು." ಮರುದಿನವೇ ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗಿನಿಂದ ತಿಕೋಟಾ ಬಸ್ಸಿನಲ್ಲಿ ಗಂಡಸರು ಬಾಗಿಲ ಹತ್ತಿರ ಜೋತಾಡುತ್ತಾರೆ, ನಾವು ಆಧಾರ್ ಕಾರ್ಡು ಹಿಡಿದು ರಾಣಿಯರಂತೆ ಕೂರುತ್ತೇವೆ. ಗಾಂಧಿ ಚೌಕದಲ್ಲಿ ಆಟೋ, ತಳ್ಳುಗಾಡಿ, ಸಂತೆಗೆ ಬಂದ ಮಂದಿಯ ನಡುವೆ ದಾರಿ ಮಾಡಿಕೊಂಡು ಅಂಗಡಿ ಮುಟ್ಟಿದೆ. ಗಾದಿಯ ತುಂಬ ಖಣ ಹರವಿದ್ದಳು. ಹಸಿರು, ಕೆಂಪು, ನೇರಳೆ, ಅರಿಷಿಣ. ನಾನು ಕಾಲು ಮಡಿಸಿ ಕೂತು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದೆ, ಇದು ಯಾರಿಗೆ ಒಪ್ಪುತ್ತದೆ, ಅದು ಯಾರಿಗೆ ಎಂದು ಕ್ಲಾಸಿನ ಎಲ್ಲರನ್ನೂ ಆಡಿಕೊಂಡೆವು. ಹುಡುಗಿಯರಾಗಿದ್ದಾಗಿನಂತೆ ಹೊಟ್ಟೆ ಹಿಡಿದು ನಕ್ಕೆವು.

ನಗುನಗುತ್ತಲೇ ಕೇಳಿದೆ, "ತುಂಬಾಕಿ ಯಾರು?"

"ನಾನ. ಮತ್ಯಾರು?" ಎಂದಳು. ಆಮೇಲೆ ನನ್ನ ಮೊಣಕಾಲ ಮೇಲೆ ಕೈಯಿಟ್ಟು ದನಿ ಇಳಿಸಿದಳು. "ನೀ ಏನೂ ಚಿಂತಿ ಮಾಡಬ್ಯಾಡ. ಆ ಹೊತ್ತಿನ್ಯಾಗ ನೀ ಊಟದ ಕಡೆ ಇರ್ತಿ. ನಿನಗ ಮುಜುಗರ ಆಗಬಾರದಂತ ನಾನ ಅಧ್ಯಕ್ಷಗ ಹೇಳಿ ಊಟದ್ದು ನಿನಗ ಹಚ್ಚಿಸೇನಿ. ಹೊನವಾಡದಾಕಿಗೂ ಅಲ್ಲೇ ಹಾಕೇವಿ, ಸಿಂದಗಿಯಾಕಿಗೂ."

ಹೊನವಾಡದವಳ ಗಂಡ ಹೋಗಿ ಬಹಳ ವರ್ಷವಾಗಿದೆ. ಸಿಂದಗಿಯವಳ ವಿಷಯ ನನಗೆ ಗೊತ್ತಿರಲಿಲ್ಲ, ಆಗಲೇ ಗೊತ್ತಾದದ್ದು. ಪಲಾವ್ ಬೇಕೆಂದು ಅಷ್ಟು ಹಟ ಮಾಡಿದವಳು ಅದನ್ನೊಂದು ಮಾತು ಹೇಳಿರಲಿಲ್ಲ. ನಮ್ಮ ಊಟದ ಸಮಿತಿ ಎಂದರೆ ಬ್ಯಾಚಿನ ಗಂಡ ಸತ್ತವರ ಸಮಿತಿ. ಎದ್ದು ಹೋಗಲು ನಾನು ಹುಡುಕಿಕೊಳ್ಳುತ್ತಿದ್ದ ನೆಪವನ್ನು ಈ ಸಲ ಅವರೇ ಹುಡುಕಿ, ಅದಕ್ಕೆ ಉಸ್ತುವಾರಿ ಎಂದು ಹೆಸರಿಟ್ಟು ಕೊಟ್ಟಿದ್ದರು. ನಾನು ಅದನ್ನು ಹಿಡಿದುಕೊಂಡು ಹಿಗ್ಗಿದ್ದೆ.

"ಚಾ ತರಸ್ತೀನಿ ತಡಿ" ಎಂದಳು.

"ನಿನ್ನ ಚಾ ನೀನ ಕುಡಿ" ಎಂದು ಎದ್ದೆ. ಕೈಯಲ್ಲಿದ್ದ ಖಣವನ್ನು ಗಾದಿಯ ಮೇಲೆ ಎಸೆದೆನೋ ಇಟ್ಟೆನೋ ನೆನಪಿಲ್ಲ. "ಒಳ್ಳೇದಕ್ಕಂತನ ಮಾಡೇನಿ, ಏನಾತಬೇ?" ಎಂದು ಅವಳು ಮೆಟ್ಟಿಲವರೆಗೂ ಬಂದಳು. ಒಳ್ಳೆಯದಕ್ಕೇ ಮಾಡಿದ್ದಳು, ಅದೇ ನನ್ನ ಸಿಟ್ಟಿಗೆ ತುಪ್ಪ ಸುರಿಯಿತು. ಕೆಟ್ಟದ್ದಕ್ಕೆ ಮಾಡಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ದುಃಖವಾಗಿತ್ತು, ಅದನ್ನು ಸಿಟ್ಟು ಎಂದು ನನಗೇ ಹೇಳಿಕೊಳ್ಳುತ್ತಿದ್ದೆ. ಊರು ಮುಟ್ಟುವ ಮೊದಲೇ ಅಧ್ಯಕ್ಷನಿಗೆ ಬರೆದು ಕಳಿಸಿದೆ, ಊಟದ ಉಸ್ತುವಾರಿಗೆ ಬೇರೆಯವರನ್ನು ನೋಡಿಕೊಳ್ಳಿ, ನಾನು ಬರುವುದಿಲ್ಲ ಎಂದು.

ಗೆಳತಿ ಅವನಿಗೆ ಏನು ಹೇಳಿದಳೋ, ಬೆಳಗ್ಗೆ ಗುಂಪಿನಲ್ಲಿ ಹೊಸ ಭಾಷಣ. "ಕೆಲವರ ಮನಸ್ಸಿಗೆ ನೋವಾಗಬಾರದಂತ ಉಡಿ ತುಂಬೂ ಕಾರ್ಯಕ್ರಮ ತಗದೇವಿ. ಹೆಣ್ಮಕ್ಕಳಿಗೆಲ್ಲಾ ಒಂದೊಂದು ಸ್ಟೀಲ್ ಡಬ್ಬಿ ಕೊಡೂದು." ಅದರ ಕೆಳಗೆ ಹೆಂಗಸರ ಅಳುಮುಖಗಳು ಸಾಲುಗಟ್ಟಿದವು. ಯಾರಿಗೆ ನೋವು, ಯಾಕೆ ನೋವು, ಚಲೋ ಕಾರ್ಯಕ್ರಮ ಇತ್ತಲ್ಲ ಎಂದು. ನಾನು ಫೋನನ್ನೇ ನುಂಗುವಂತೆ ನೋಡಿದೆ. ಎಲ್ಲರ ಸೆರಗೂ ಬರಿದಾದರೆ ನನ್ನದು ತುಂಬಿದ ಹಾಗೆ ಎಂದು ಈ ಪುಣ್ಯಾತ್ಮನಿಗೆ ಯಾರು ಹೇಳಿದರು?

ಫೋನು ಹಚ್ಚಿದೆ. "ಉಡಿ ತಗೀರಿ ಅಂತ ನಾ ಎಲ್ಲೆ ಅಂದೆ?"

"ಮತ್ತ ನಿಮಗ ಬ್ಯಾಸರಾತಂತಲ್ರಿ ಅಕ್ಕಾರ" ಎಂದ ಪಾಪ.

"ತುಂಬೂದಕ್ಕ ಬ್ಯಾಸರಿಲ್ಲ. ನಮಗ ಬಿಟ್ಟು ತುಂಬೂದಕ್ಕ ಬ್ಯಾಸರ. ನನಗ ಉಡಿ ಬೇಕು."

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ನಾಲ್ಕು ವರ್ಷದಲ್ಲಿ ನನಗೆ ಇಂಥದ್ದು ಬೇಕು ಎಂದು ನಾನು ಯಾರ ಮುಂದೆಯೂ ಅಂದಿರಲಿಲ್ಲ. ಅವನು ತನ್ನ ಹಳೆಯ ದನಿಯಲ್ಲಿ, ಗೋಡೆಗೆ ಒರಗಿ ಮಾತಾಡುವವನ ದನಿಯಲ್ಲಿ ಅಂದ, "ಕಾರ್ಯಕ್ರಮ ಬೇಕಾದ್ರ ಮತ್ತ ಇಡತೇನಿ, ನಿಮ್ಮದು ನಾವು ಗಂಡಸರು ಏನ ಹೇಳೂಣ್ರಿ ಅಕ್ಕಾರ. ತುಂಬಾಕಿ ಅಕಿ. ಅಕಿನ್ನ ಕೇಳ್ತೀನಿ."

ಮರುದಿನ ಮುಂಜಾನೆ ಗೆಳತಿ ಶೆಡ್ಡಿಗೇ ಬಂದಳು. ಅಂಗಡಿ ಬಿಟ್ಟು ಅವಳು ಹಾಗೆ ಬರುವವಳಲ್ಲ. ಹೆಂಗಸರು ಜಾಳಿಗೆ ಜಾಡಿಸುತ್ತಿದ್ದರು, ಮಣೂಕ ತಾಡಪತ್ರಿಯ ಮೇಲೆ ಸುರಿಯುತ್ತಿತ್ತು. ಅವಳು ನನ್ನನ್ನು ಅತ್ತ ಕರೆದು ಚೀಲ ಬಿಚ್ಚಿ ತೋರಿಸಿದಳು. ಒಂದು ತೆಂಗಿನಕಾಯಿ, ಅಕ್ಕಿಯ ಗಂಟು, ಮೇಲೊಂದು ಮಡಿಸಿದ ಖಣ. ಖಣ ಬೂದು ಬಣ್ಣದ್ದು, ಅಂಚು ಇದೆಯೋ ಇಲ್ಲವೋ ಎನ್ನುವಂಥದ್ದು.

"ನಡಿ ಮನಿಗೆ. ದೇವರ ಜಗಲಿ ಮುಂದ ಕುಂಡ್ರು, ನಾ ತುಂಬತೇನಿ."

"ಇಲ್ಲೇ ಯಾಕ?"

"ಇಲ್ಲಾದ್ರ ಯಾರೂ ನೋಡೂದಿಲ್ಲ."

"ಹಂಗಾದ್ರ ಬ್ಯಾಡ. ತುಂಬೂದಿದ್ರ ಅಲ್ಲೇ ತುಂಬು, ಎಲ್ಲಾರ ಮುಂದ."

ಅವಳು ತಾಡಪತ್ರಿಯ ಅಂಚಿಗೆ ಕುಸಿದು ಕೂತಳು. ನಾನೂ ಕೂತೆ. ಮುಖ ಎತ್ತದೆ ಅಂದಳು, "ನನಗ ಅಂಜಿಕಿ ಬರ್ತೈತಿ ಲೇ. ಮಂದಿದಲ್ಲ, ಮಂದಿ ಏನರ ಅನ್ನವಲ್ಲರ್ಯಾಕ. ನಮ್ಮ ಮನಿಯವರು ಮೆಟ್ಟಿಲ ಹತ್ತು ಮುಂದ ಉಸರ ಬಿಟ್ರ ನನ್ನ ಜೀವ ಹಾರತೈತಿ. ನಾಳೆ ಅವರಿಗೆ ಏನರ ಆತಂದ್ರ, ಅವತ್ತ ನಾ ಹಂಗ ಮಾಡಿದ್ನೆಲ್ಲ ಅಂತ ನನ್ನ ಮನಸ್ಸ ನನ್ನ ಬಿಡೂದಿಲ್ಲ."

ಆ ಅಂಜಿಕೆ ನನಗೆ ಗೊತ್ತು. ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ ಯಾರು ಯಾವ ದಾರ ಕಟ್ಟು ಅಂದರೂ ಕಟ್ಟಿದವಳು, ಯಾವ ಕಡೆ ಮುಖ ಮಾಡಿ ಕೂರು ಅಂದರೂ ಕೂತವಳು ನಾನು. ಅವನು ಉಳಿದಿದ್ದರೆ, ಇವತ್ತು ಅವಳ ಜಾಗದಲ್ಲಿ ನಾನಿದ್ದು ನನ್ನ ಜಾಗದಲ್ಲಿ ಅವಳಿದ್ದಿದ್ದರೆ, ನನ್ನ ಕೈ ಮುಂದೆ ಬರುತ್ತಿತ್ತೇ? ಬರುತ್ತಿತ್ತು ಎಂದು ಗಟ್ಟಿಯಾಗಿ ಹೇಳಲಾರೆ.

"ಅಂಜಿಕಿ ಬಂದ್ರ ಬಿಡು" ಎಂದೆ, ಮನಸಾರೆ ಎಂದೆ. "ಆದ್ರ ನಾ ಊಟದ ಕಡೆ ಹೋಗೂದಿಲ್ಲ. ಎಲ್ಲಾರ ಸಾಲಿನ್ಯಾಗ ಕುಂಡ್ರತೇನಿ. ಅವರಿಬ್ಬರನ್ನೂ ಕುಂಡ್ರಸ್ಕೋತೀನಿ. ನೀ ನಮ್ಮನ್ನ ದಾಟಿ ಮುಂದಿನಾಕಿ ಕಡೆ ಹೋಗು. ನಾ ಸಿಟ್ಟಾಗೂದಿಲ್ಲ."

"ನೀ ಸಿಟ್ಟಾಗೂದಿಲ್ಲ?" ಎಂದು ಅವಳು ಕಣ್ಣೀರಿನಲ್ಲೂ ನಕ್ಕಳು.

ಆಮೇಲೆ ಆ ಮಾತು ನಾವು ಎತ್ತಲಿಲ್ಲ. ಅವಳು ಮುಂದಿದ್ದ ಮಣೂಕದಲ್ಲಿ ಕೈಯಾಡಿಸಿ ಎರಡು ಬಾಯಿಗೆ ಹಾಕಿಕೊಂಡಳು, ಈ ಸಲ ಮಾಲು ಚಲೋ ಬಂದಿದೆ ಎಂದಳು. ಮನೆಯಲ್ಲಿ ರೊಟ್ಟಿ ತಿಂದೆವು, ಸೊಸೆ ಚಹಾ ಕೊಟ್ಟಳು. ತೆಂಗಿನಕಾಯಿ ಚೀಲದಿಂದ ಹೊರಗೆ ಬರಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಸೆರಗು ಹೊದ್ದು ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದೆವು. ಅವಳಿಗೆ ಆಗುವುದಿಲ್ಲ ಎಂದೇ ನಾನು ಒಪ್ಪಿಕೊಂಡಿದ್ದೆ. ಸಾಲಿನಲ್ಲಿ ಕೂತು, ಅವಳು ದಾಟಿ ಹೋಗುವಾಗ ಮುಖ ಹೇಗೆ ಇಟ್ಟುಕೊಳ್ಳುವುದು ಎಂದು ಯೋಚಿಸುತ್ತಿದ್ದೆ.

ವಿಜಯಪುರದ ಬಸ್ಸು ನಿಂತಿತ್ತು. ಅವಳು ಹತ್ತಿ ಕಿಟಕಿಯ ಹತ್ತಿರ ಕೂತಳು. ಡ್ರೈವರ್ ಬಸ್ಸು ಚಾಲೂ ಮಾಡಿದ ಮೇಲೆ, ಕಿಟಕಿಯ ಸರಳು ಹಿಡಿದು ಹೊರಗೆ ಬಾಗಿದಳು.

"ನಿನಗ ಯಾವ ಬಣ್ಣದ್ದ ಇಡಲಿ?"

"ಏನು?"

"ಖಣ. ಭಾನುವಾರ ಯಾವ ಬಣ್ಣದ್ದ ಇಡಲಿ ನಿನಗ?"

"ಚೀಲದಾಗ ಐತೆಲ್ಲ ಬೂದಿದು."

"ಅದನ್ನ ಬಿಡು. ಯಾವುದು ಬೇಕ ಹೇಳು ಲಗೂನ, ಬಸ್ ಬಿಡಾಕತ್ತಾರ."

ಈ ನಾಲ್ಕು ವರ್ಷದಲ್ಲಿ ನನಗೆ ಸೀರೆ ಕೊಟ್ಟವರು ಬಹಳ ಮಂದಿ ಇದ್ದಾರೆ. ಅಣ್ಣ ಕೊಟ್ಟಿದ್ದಾನೆ, ಬೀಗರು ಕೊಟ್ಟಿದ್ದಾರೆ, ಮಗ ದೀಪಾವಳಿಗೆ ತರುತ್ತಾನೆ. ಎಲ್ಲವೂ ಬೂದು, ಕಂದು, ಮಾಸಲು ನೀಲಿ. ಯಾವ ಬಣ್ಣ ಬೇಕು ಎಂದು ಕೇಳಿದವರು ಒಬ್ಬರೂ ಇಲ್ಲ. ಬಸ್ಸು ಸರಿಯತೊಡಗಿತು. ಅದರ ಜೊತೆ ಜೊತೆಗೇ ನಾಲ್ಕು ಹೆಜ್ಜೆ ನಡೆದೆ.

"ಹಸರ" ಎಂದೆ.

ಅವಳು ಕಿವಿಗೆ ಕೈ ಹಚ್ಚಿ ಕೇಳಿಸಲಿಲ್ಲವೆಂದು ತಲೆಯಾಡಿಸಿದಳು. ಬಸ್ಸಿನ ಸದ್ದು ಅಷ್ಟಿತ್ತು.

"ಹಸರ! ಕೆಂಪ ಅಂಚಿಂದು!" ಎಂದು ನಾನು ಇದ್ದಬದ್ದ ದನಿಯೆಲ್ಲ ತೆಗೆದು ಕೂಗಿದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತ ಮಂದಿ, ನನ್ನ ಗಂಡನನ್ನು ಬಲ್ಲವರು, ನನ್ನನ್ನು ಬಲ್ಲವರು, ಎಲ್ಲರೂ ತಿರುಗಿ ನನ್ನ ಕಡೆ ನೋಡಿದರು. ನೋಡಲಿ ಎಂದು ಇನ್ನೊಮ್ಮೆ ಕೂಗಿದೆ.